ಉಣುಗೋಲು ದಾಟಿದರೆ ಕುಪ್ಪಳಿ

ಕುಪ್ಪಳಿಗೆ ಮೊದಲ ಸಲ ಬಂದ ಬಯಲುಸೀಮೆಯವರು ಅತ್ತಿತ್ತ ನೋಡಿ ಕೇಳುವುದು ಒಂದೇ ಪ್ರಶ್ನೆ: 'ಊರು ಎಲ್ಲಿದೆ?' ಅರಳಿಕಟ್ಟೆಯಿಲ್ಲ, ಊರಬಾಗಿಲಿಲ್ಲ, ಗೋಡೆಗೆ ಗೋಡೆ ಹಚ್ಚಿ ನಿಂತ ಮನೆಗಳ ಕೇರಿಯಿಲ್ಲ. ಕಣ್ಣಿಗೆ ಬೀಳುವುದು ಒಂದು ದೊಡ್ಡ ತೊಟ್ಟಿಮನೆ, ಅದರಾಚೆ ಅಡಿಕೆ ತೋಟ, ಆಮೇಲೆ ಕಾಡು. ಇನ್ನೊಂದು ಮನೆ ನೋಡಬೇಕೆಂದರೆ ಗುಡ್ಡ ಸುತ್ತಿ, ಗದ್ದೆ ದಾಟಿ ಹೋಗಬೇಕು.

ಮಲೆನಾಡಿನ ಹಳ್ಳಿಗಳೇ ಹಾಗೆ. ನೀರಿನ ಸೆಲೆಯಿರುವ ಕಣಿವೆಯಲ್ಲಿ ತೋಟ, ಅದರ ಕೆಳಗೆ ಗದ್ದೆ, ಎರಡೂ ಕಾಣುವಂಥ ದಿಣ್ಣೆಯ ಮೇಲೆ ಮನೆ. ನೀರು ಎಲ್ಲಿದೆಯೋ ಅಲ್ಲಿ ಬದುಕು ಕಟ್ಟಿಕೊಂಡದ್ದರಿಂದ ಒಂದೊಂದು ಮನೆ ಒಂದೊಂದು ಕಣಿವೆಗೆ ಸೇರಿತು. ಮಧ್ಯೆ ಗುಡ್ಡ, ಹಳ್ಳ, ಹಳು. ಇವನ್ನೆಲ್ಲ ಸೇರಿಸಿ ಊರು ಎಂದು ಕರೆಯುವಂತೆ ಮಾಡಿದ್ದು ಕಾಲುದಾರಿ. ಹಾಗಾಗಿ ಇಲ್ಲಿ ಊರು ನೋಡಬೇಕೆಂದರೆ ನಡೆಯಲೇಬೇಕು. ಕಾರಿನಲ್ಲಿ ಬಂದು ಕವಿಮನೆ ನೋಡಿ, ಫೋಟೋ ತೆಗೆಸಿಕೊಂಡು ಹೊರಟವರಿಗೆ ಕುವೆಂಪು ಅವರ ಮನೆ ಕಂಡಿರುತ್ತದೆ, ಊರು ಕಂಡಿರುವುದಿಲ್ಲ.

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗುವ ರಸ್ತೆಯಲ್ಲಿ ಗಡಿಕಲ್ಲಿನ ಹತ್ತಿರ ಒಳಕ್ಕೆ ತಿರುಗಿದರೆ ಕುಪ್ಪಳಿ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ತಾಯಿಯ ಮನೆಯಲ್ಲಿ, ಬೆಳೆದದ್ದು ಇಲ್ಲಿ. ಈ ಊರಿನ ಹೆಸರು ನಾಡಿಗೆಲ್ಲ ಗೊತ್ತು. ಆದರೆ ಇದು ಆರಾಮಾಗಿ ನಡೆಯುವವರಿಗೆ ಎಷ್ಟು ಒಳ್ಳೆಯ ಜಾಗ ಎಂಬುದು ಅಷ್ಟಾಗಿ ಗೊತ್ತಿಲ್ಲ. ಕುಮಾರಪರ್ವತಕ್ಕೋ ಕುದುರೆಮುಖಕ್ಕೋ ಹೋಗುವುದಾದರೆ ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮೊದಲೇ ಹೆಸರು ಬರೆಸಬೇಕು, ಮೊಣಕಾಲು ಗಟ್ಟಿಯಿರಬೇಕು, ಇಡೀ ದಿನ ಮೀಸಲಿಡಬೇಕು. ಕುಪ್ಪಳಿಯ ಸುತ್ತಿನ ನಡಿಗೆಗಳು ಹಾಗಲ್ಲ. ಅಜ್ಜಿ, ಮೊಮ್ಮಕ್ಕಳು ಸಹಿತ ಹೊರಟು ಊಟದ ಹೊತ್ತಿಗೆ ವಾಪಸು ಬರಬಹುದು.

ಮಲೆನಾಡಿನ ಕಾಲುದಾರಿಗೆ ಅದರದೇ ಸಾಮಾನುಗಳಿವೆ. ಮೊದಲನೆಯದು ಉಣುಗೋಲು. ತೋಟಕ್ಕೋ ಮನೆಯಂಗಳಕ್ಕೋ ದನ ನುಗ್ಗದಂತೆ ಬೇಲಿಯ ಬಾಯಲ್ಲಿ ಎರಡು ದಪ್ಪ ಕಂಬ ನೆಟ್ಟು, ಅವುಗಳಲ್ಲಿ ಸಾಲಾಗಿ ತೂತು ಕೊರೆದು, ಅಡ್ಡಕ್ಕೆ ಬಿದಿರಿನ ಗಳವನ್ನೋ ಮರದ ಗಳವನ್ನೋ ತೂರಿಸಿರುತ್ತಾರೆ. ಒಂದೆರಡು ಗಳ ಸರಿಸಿದರೆ ಮನುಷ್ಯ ದಾಟಬಹುದು. ಎಲ್ಲವನ್ನೂ ಸರಿಸಿದರೆ ಗಾಡಿಯೂ ಹೋದೀತು. ದಾಟಿದವರು ಮತ್ತೆ ಗಳ ತೂರಿಸಿ ಹೋಗಬೇಕೆಂಬುದು ಬರೆಯದ ಕಾನೂನು. ಈಗ ಎಷ್ಟೋ ಕಡೆ ಉಣುಗೋಲಿನ ಜಾಗಕ್ಕೆ ಕಬ್ಬಿಣದ ಗೇಟು ಬಂದಿದೆ, ಕಾನೂನು ಮಾತ್ರ ಹಳೆಯದೇ. ಅಪರಿಚಿತರು ತೆರೆದಿಟ್ಟು ಹೋದ ಒಂದು ಗೇಟು ಬೆಳಗಾಗುವಷ್ಟರಲ್ಲಿ ಒಂದು ವರ್ಷದ ಬಾಳೆ, ಎಳೆ ಅಡಿಕೆ ಸಸಿಗಳನ್ನು ದನದ ಹೊಟ್ಟೆಗೆ ಹಾಕಿಬಿಡಬಲ್ಲದು.

ಎರಡನೆಯದು ಸಂಕ. ಹಳ್ಳದ ಎರಡು ದಡಕ್ಕೆ ಆನಿಸಿದ ಅಡಿಕೆ ಮರದ ಅಥವಾ ಕಾಡುಮರದ ದಿಮ್ಮಿಗಳು, ಕೈ ಹಿಡಿಯಲು ಒಂದು ಬಿದಿರು. ಬೇಸಿಗೆಯಲ್ಲಿ ಇದರ ಕೆಳಗೆ ಪಾದ ನೆನೆಯುವಷ್ಟು ನೀರಿರುತ್ತದೆ, ಮಕ್ಕಳು ಸಂಕ ಬಿಟ್ಟು ನೀರಿನಲ್ಲೇ ದಾಟುತ್ತಾರೆ. ಜುಲೈ ತಿಂಗಳಲ್ಲಿ ಅದೇ ಹಳ್ಳ ದಿಮ್ಮಿಯನ್ನು ಮುಟ್ಟಿಕೊಂಡು ಕೆಂಪಗೆ ಹರಿಯುತ್ತದೆ. ಮಳೆಗಾಲದಲ್ಲಿ ಶಾಲೆಯ ಮಕ್ಕಳು ಹೀಗೆ ಸಂಕ ದಾಟುವುದು ಅಪಾಯವೆಂದೇ ಸರ್ಕಾರ 'ಶಾಲಾ ಸಂಪರ್ಕ ಸೇತು' ಎಂಬ ಯೋಜನೆ ಮಾಡಿ ಮಲೆನಾಡು, ಕರಾವಳಿಯ ಹಳ್ಳಿಗಳಲ್ಲಿ ಕಾಂಕ್ರೀಟಿನ ಕಿರುಸೇತುವೆಗಳನ್ನು ಕಟ್ಟಿಸಿತು. ನೋಡಲು ಬಂದವರು ಮಳೆಗಾಲದಲ್ಲಿ ಮರದ ಸಂಕದ ಮೇಲೆ ಧೈರ್ಯ ತೋರಿಸಬೇಕಾದ ಅಗತ್ಯವೇನೂ ಇಲ್ಲ.

ಮೂರನೆಯದು ಅಗಳು. ತೋಟದ ಅಥವಾ ಜಮೀನಿನ ಎಲ್ಲೆಗೆ ತೋಡಿದ ಆಳವಾದ ಕಂದಕ ಇದು. ತೋಡಿದ ಮಣ್ಣನ್ನು ಪಕ್ಕಕ್ಕೇ ಏರಿಸಿ ದಂಡೆ ಮಾಡಿರುತ್ತಾರೆ, ಅದರ ಮೇಲೆ ಗಿಡ ಬೆಳೆದು ಬೇಲಿಯಾಗಿರುತ್ತದೆ. ಹಳೆಯ ಕಾಲುದಾರಿ ಎಷ್ಟೋ ಕಡೆ ಈ ದಂಡೆಯ ಮಗ್ಗುಲಲ್ಲೇ ಸಾಗುತ್ತದೆ. ದಾರಿ ತಪ್ಪಿದವರಿಗೆ ಅಗಳು ಸಿಕ್ಕಿತೆಂದರೆ ಮನೆ ಹತ್ತಿರವಿದೆ ಎಂದರ್ಥ.

ಮೊದಲ ದಿನದ ನಡಿಗೆ ಕವಿಮನೆಯಿಂದ ಕವಿಶೈಲಕ್ಕೆ. ಕುವೆಂಪು ಅವರ ಪೂರ್ವಿಕರ ಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ವಸ್ತುಸಂಗ್ರಹಾಲಯವಾಗಿ ಕಾಪಾಡಿಕೊಂಡು ಬಂದಿದೆ. ಉಪ್ಪರಿಗೆಯ ಮನೆ, ಮಧ್ಯೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಮರದ ಕಂಬಗಳ ಜಗಲಿ. ಒಳಗೆ ಅಡುಗೆಮನೆಯ ಪಾತ್ರೆ, ಬೇಸಾಯದ ಸಲಕರಣೆ, ಕವಿಯ ಪುಸ್ತಕ ಮತ್ತು ಬಳಕೆಯ ವಸ್ತುಗಳಿವೆ. ನಡೆಯಲು ಹೊರಡುವ ಮುಂಚೆ ಇದನ್ನು ನೋಡಿದರೆ ಒಳ್ಳೆಯದು. ದಾರಿಯುದ್ದಕ್ಕೂ ಕಾಣಲಿರುವ ತೋಟ, ಗದ್ದೆ, ಕಾಡಿನಿಂದ ಏನೇನು ಮನೆಗೆ ಬರುತ್ತಿತ್ತು, ಅದನ್ನು ಎಲ್ಲಿಡುತ್ತಿದ್ದರು ಎಂಬುದು ಆಗ ಗೊತ್ತಿರುತ್ತದೆ.

ಮನೆಗೆ ಆತುಕೊಂಡ ಗುಡ್ಡವೇ ಕವಿಶೈಲ. ಮರಗಳ ನೆರಳಿನಲ್ಲಿ ನಿಧಾನವಾಗಿ ಹತ್ತಿದರೂ ಕಾಲು ಗಂಟೆಯ ದಾರಿ. ಹತ್ತಲಾಗದವರು ವಾಹನದಲ್ಲೂ ಹತ್ತಿರದವರೆಗೆ ಹೋಗಬಹುದು. ತುದಿಯಲ್ಲಿ ಮರಗಳು ಹಿಂದೆ ಸರಿದು ಅಗಲವಾದ ಹಾಸುಬಂಡೆ ತೆರೆದುಕೊಳ್ಳುತ್ತದೆ. ಅಲ್ಲಿ ವೃತ್ತಾಕಾರದಲ್ಲಿ ಎದ್ದು ನಿಂತ ಭಾರಿ ಕಲ್ಲುಗಂಬಗಳ ರಚನೆ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರದು, ಶಿಲಾಯುಗದ ಕಲ್ಲುಸ್ಮಾರಕಗಳನ್ನು ನೆನಪಿಸುವಂಥದ್ದು. ಕುವೆಂಪು 1994ರ ನವೆಂಬರ್ 11ರಂದು ತೀರಿಕೊಂಡಾಗ ಅಂತ್ಯಸಂಸ್ಕಾರ ನಡೆದದ್ದು ಇಲ್ಲೇ. ಅವರ ಸಮಾಧಿಯೂ ಇಲ್ಲಿದೆ. ಮಗ, ಲೇಖಕ ಪೂರ್ಣಚಂದ್ರ ತೇಜಸ್ವಿಯವರ ಸ್ಮಾರಕ ಕೂಡ ಕುಪ್ಪಳಿಯಲ್ಲೇ ಇದೆ.

ಹಾಸುಬಂಡೆಯ ಮೇಲೆ ಹುಡುಕಿ ನೋಡಬೇಕಾದ್ದು ಒಂದಿದೆ. 1936ರಲ್ಲಿ ಕುವೆಂಪು ಅವರ ಗುರುಗಳಾದ ಬಿ.ಎಂ. ಶ್ರೀಕಂಠಯ್ಯ ಮತ್ತು ಟಿ.ಎಸ್. ವೆಂಕಣ್ಣಯ್ಯ ಇಲ್ಲಿಗೆ ಬಂದಿದ್ದಾಗ ಗುರುಶಿಷ್ಯರ ಹೆಸರುಗಳನ್ನು ಬಂಡೆಯ ಮೇಲೆ ಕೆತ್ತಲಾಯಿತು. ಬಿಸಿಲು ನೆತ್ತಿಗೇರಿದಾಗ ಅಕ್ಷರಗಳು ಕಲ್ಲಿನ ಬಣ್ಣದಲ್ಲೇ ಕರಗಿರುತ್ತವೆ. ಬೆಳಗ್ಗೆ ಅಥವಾ ಸಂಜೆ, ಬೆಳಕು ಓರೆಯಾಗಿ ಬಿದ್ದಾಗ, ಕೆತ್ತನೆಯ ಗೀರಿನೊಳಗೆ ನೆರಳು ತುಂಬಿಕೊಂಡು ಹೆಸರುಗಳು ಎದ್ದು ಕಾಣುತ್ತವೆ. ಆಕಾಶ ತಿಳಿಯಾಗಿದ್ದರೆ ಪಡುವಣದ ಬೆಟ್ಟಸಾಲಿನಲ್ಲಿ ಕುಂದಾದ್ರಿಯನ್ನೂ ಗುರುತಿಸಬಹುದು. ಕುವೆಂಪು ಸಾಹಿತ್ಯದಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಎತ್ತರ ನವಿಲುಕಲ್ಲು. ಸೂರ್ಯೋದಯ ನೋಡಲು ಅವರು ಕತ್ತಲಿರುವಾಗಲೇ ಗೆಳೆಯರೊಂದಿಗೆ ಅಲ್ಲಿಗೆ ಹೊರಡುತ್ತಿದ್ದರು. ಅದು ಕವಿಶೈಲಕ್ಕಿಂತ ದೂರ, ಸ್ಥಳೀಯರೊಬ್ಬರು ಜೊತೆಗಿದ್ದರೆ ಮಾತ್ರ ಹೋಗುವಂಥದ್ದು. ಮೈಸೂರಿಗೆ ಹೋಗಿ ನೆಲೆಸಿದ ಮೇಲೂ ಅವರ ನಡಿಗೆ ನಿಲ್ಲಲಿಲ್ಲ, ಕುಕ್ಕರಹಳ್ಳಿ ಕೆರೆಯ ಏರಿಗೆ ಬದಲಾಯಿತು, ಅಷ್ಟೇ.

ಕವಿಶೈಲ ಎಲ್ಲರೂ ನೋಡುವ ಜಾಗ. ಊರಿನ ನಿಜವಾದ ಸುತ್ತು ಇರುವುದು ಕೆಳಗೆ, ತೋಟ ಮತ್ತು ಗದ್ದೆಗಳ ನಡುವೆ. ಇದು ಹೆಚ್ಚು ಕಡಿಮೆ ಸಪಾಟಾದ ದಾರಿ. ಗದ್ದೆಹಾಳಿಯ ಮೇಲೆ ಒಬ್ಬರ ಹಿಂದೊಬ್ಬರು ಸಾಗಬೇಕು. ಹಾಳಿ ತುಳಿದು ಜರಿದರೆ ನೀರು ಕೆಳಗಿನ ಮಡಿಗೆ ಹರಿದುಹೋಗುತ್ತದೆ, ಆದ್ದರಿಂದ ನಡುಮಧ್ಯದಲ್ಲಿ ಹೆಜ್ಜೆಯಿಡಬೇಕು. ಜೂನ್, ಜುಲೈನಲ್ಲಿ ನೆಟ್ಟಿಯ ಕೆಲಸ. ಕಂಬಳಿಕೊಪ್ಪೆಯ ಜಾಗಕ್ಕೆ ಪ್ಲಾಸ್ಟಿಕ್ ಹೊದಿಕೆ ಬಂದಿದೆ, ಕೋಣ-ಎತ್ತಿನ ಜಾಗಕ್ಕೆ ಟಿಲ್ಲರು ಬಂದಿದೆ. ಮೊದಲ ಮಳೆಗೆ ಹಳ್ಳದಿಂದ ಗದ್ದೆಯ ಕಡೆ ಏರಿ ಬರುವ ಹತ್ತುಮೀನು ಹಿಡಿಯುವ ಹುಚ್ಚು ಮಾತ್ರ ಹಾಗೇ ಇದೆ. ನವೆಂಬರ್, ಡಿಸೆಂಬರಿನಲ್ಲಿ ಕೊಯ್ಲು. ಆಗ ಗದ್ದೆಯ ಮೇಲೆ ಬೆಳಗಿನ ಮಂಜು ಕೂತಿರುತ್ತದೆ, ಒಂಬತ್ತು ಗಂಟೆಯವರೆಗೂ ಎದುರಿನ ಗುಡ್ಡ ಕಾಣುವುದಿಲ್ಲ.

ಗದ್ದೆಯಿಂದ ತೋಟಕ್ಕೆ ಹೊಕ್ಕ ಕೂಡಲೇ ಗಾಳಿ ತಣ್ಣಗಾಗುತ್ತದೆ. ಅಡಿಕೆ ಮರಗಳ ಕೆಳಗೆ ಬಾಳೆ, ಏಲಕ್ಕಿ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ವೀಳ್ಯದೆಲೆಯ ಬಳ್ಳಿ. ಸಾಲುಗಳ ನಡುವೆ ನೀರು ಬಸಿದುಹೋಗಲು 'ಕಪ್ಪು' ಎಂಬ ಕಾಲುವೆ. ಮಳೆಗಾಲ ಶುರುವಾಗುವ ಹೊತ್ತಿಗೆ ಇಲ್ಲಿ ಬಂದವರು ಅಡಿಕೆ ಗೊನೆಗಳೆಲ್ಲ ನೀಲಿಯಾಗಿರುವುದನ್ನು ಕಂಡು ಬೆರಗಾಗುತ್ತಾರೆ. ಅದು ಬೋರ್ಡೋ ದ್ರಾವಣ, ಎಂದರೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ. ಸಿಂಪಡಿಸದಿದ್ದರೆ ಕೊಳೆರೋಗ ಬಂದು ಎಳೆಕಾಯಿಗಳು ರಾಶಿರಾಶಿ ಉದುರುತ್ತವೆ. ಈ ರೋಗವನ್ನು ವೈಜ್ಞಾನಿಕವಾಗಿ ಅಭ್ಯಾಸ ಮಾಡಿ 1910ರಲ್ಲಿ ಪ್ರಬಂಧ ಪ್ರಕಟಿಸಿದವರು ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಸೇವೆಗೆ ಸೇರಿದ್ದ ಲೆಸ್ಲಿ ಕೋಲ್ಮನ್. ಮುಂದೆ ಅವರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಅದಕ್ಕೂ ಮುಂಚೆ ರೈತರು ಅಡಿಕೆ ಹಾಳೆಯಿಂದ ಕೊಟ್ಟೆ ಮಾಡಿ ಒಂದೊಂದು ಗೊನೆಗೂ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ನೂರು ವರ್ಷ ದಾಟಿದರೂ ನೀಲಿ ಔಷಧಿಯ ಮೇಲಿನ ಭರವಸೆ ಕಡಿಮೆಯಾಗಿಲ್ಲ.

ಚಳಿಗಾಲದಲ್ಲಿ ಬಂದರೆ ಕೊನೆಕೊಯ್ಲು ನೋಡಲು ಸಿಗುತ್ತದೆ. ಕೊನೆಗಾರ ಕಾಲಿಗೆ ತಳೆ ಹಾಕಿಕೊಂಡು ಮರವೇರುತ್ತಾನೆ. ಕತ್ತರಿಸಿದ ಗೊನೆ ಹಗ್ಗದಲ್ಲಿ ಜಾರಿ ಕೆಳಗೆ ನಿಂತವನ ಕೈಗೆ ಬರುತ್ತದೆ. ಒಂದು ಮರ ಮುಗಿದ ಮೇಲೆ ಇಳಿಯುವುದಿಲ್ಲ, ಮೇಲಿನಿಂದಲೇ ಪಕ್ಕದ ಮರವನ್ನು ಎಳೆದುಕೊಂಡು ದಾಟಿಬಿಡುತ್ತಾನೆ. ಈ ಕಸುಬಿನವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ ಈಗ ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಹಿಡಿದು ನೆಲದ ಮೇಲೆ ನಿಂತೇ ಗೊನೆ ಕೊಯ್ಯುವವರೂ ಇದ್ದಾರೆ. ಮನೆಯ ಹತ್ತಿರ ಬಂದಂತೆ ಚೊಗರಿನ ಒಗರು ವಾಸನೆ ಮೂಗಿಗೆ ಬಡಿಯುತ್ತದೆ. ಹಂಡೆಯಲ್ಲಿ ಸುಲಿದ ಹಸಿ ಅಡಿಕೆ ಬೇಯುತ್ತಿರುತ್ತದೆ, ಬೆಂದದ್ದು ಚಪ್ಪರದ ಮೇಲೆ ಒಣಗುತ್ತಿರುತ್ತದೆ. ಹೊರಗಿನಿಂದ ಬಂದವರು ನಿಂತು ನೋಡಿದರೆ ಬೇಸರಪಡುವವರಿಲ್ಲ. 'ಬನ್ನಿ, ಒಳಗೆ ಬನ್ನಿ. ಬೆಲ್ಲ-ನೀರು ಕುಡೀರಿ' ಎಂಬ ಉಪಚಾರವೂ ಸಿಕ್ಕೀತು. ತೋಟದೊಳಗೆ ಕಾಲಿಡುವ ಮೊದಲು ಅಂಗಳದಲ್ಲಿ ನಿಂತು ಒಂದು ಮಾತು ಕೇಳಿರಬೇಕು, ಅಷ್ಟೇ. ಮಲೆನಾಡಿನ ನಾಯಿಗಳೂ ಅದನ್ನೇ ಬಯಸುತ್ತವೆ.

ತೋಟದ ಮೇಲಿನ ಗುಡ್ಡ ಸೊಪ್ಪಿನಬೆಟ್ಟ. ತೋಟದ ಗೊಬ್ಬರಕ್ಕೆ, ಕೊಟ್ಟಿಗೆಗೆ ಬೇಕಾದ ಸೊಪ್ಪು-ದರಗು ತರಲು ಅಡಿಕೆ ಬೆಳೆಗಾರರಿಗೆ ಹಿಂದಿನಿಂದ ಬಿಟ್ಟುಕೊಟ್ಟ ಕಾಡು ಇದು. ಕೊಂಬೆ ಸವರಿ ಸವರಿ ಇಲ್ಲಿನ ಮರಗಳು ಗಿಡ್ಡಗೆ, ಗಂಟುಗಂಟಾಗಿರುತ್ತವೆ; ನೆಲಕ್ಕೆ ಬಿಸಿಲು ಬೀಳುತ್ತದೆ. ಅದನ್ನು ದಾಟಿ ಕಾನಿನೊಳಗೆ ಹೊಕ್ಕರೆ ಬಿಸಿಲು ಸೋಸಿಹೋಗುತ್ತದೆ. ಹತ್ತು ಹೆಜ್ಜೆಯಲ್ಲಿ ಆಗುವ ಈ ಬದಲಾವಣೆಯೇ ಮಲೆನಾಡಿನ ಆರ್ಥಿಕತೆಯ ನಕ್ಷೆ: ಮನುಷ್ಯ ದಿನಾ ಕೈಯಿಡುವ ಕಾಡು ಒಂದು, ಹಿಡಿತದಲ್ಲಿಟ್ಟುಕೊಂಡು ಕಾಳುಮೆಣಸು, ಬೆತ್ತ, ಔಷಧಿ ಬೇರುಗಳಿಗಷ್ಟೇ ಹೋಗುತ್ತಿದ್ದ ಕಾಡು ಇನ್ನೊಂದು. ಹಕ್ಕಿಗಳೂ ಹೀಗೇ ಹಂಚಿಕೊಂಡಿವೆ. ಮಡಿವಾಳ, ಪಿಕಳಾರ ಮನೆಯ ಸುತ್ತ. ಕಾಜಾಣ ತೋಟದ ಅಂಚಿಗೆ. ಮಂಗಟ್ಟೆ ಕಾನಿನ ಎತ್ತರದ ಹಣ್ಣಿನ ಮರಗಳಿಗೆ. ಕುವೆಂಪು ಓದಿದವರಿಗೆ ಈ ಹೆಸರುಗಳೆಲ್ಲ ಪರಿಚಿತ, ದನಿಗಳು ಇಲ್ಲಿ ಮೊದಲ ಸಲ ಕೇಳುತ್ತವೆ.

'ಮಲೆಗಳಲ್ಲಿ ಮದುಮಗಳು' ಕಾದಂಬರಿ 1967ರಲ್ಲಿ ಪ್ರಕಟವಾಯಿತು. ಅದರ ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ರಸ್ತೆ ಎಂಬುದು ಇನ್ನೂ ಅಪರೂಪವಾಗಿದ್ದ ಕಾಲದಲ್ಲಿ. ನಾಯಿಗುತ್ತಿ ತನ್ನ ಹುಲಿಯನೊಂದಿಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆಯದಿದ್ದರೆ ಆ ಕಾದಂಬರಿಯೇ ಮುಂದೆ ಸಾಗದು. ಸಿಂಬಾವಿ, ಬೆಟ್ಟಳ್ಳಿ, ಮೇಗರವಳ್ಳಿ ಎಂದು ಪಾತ್ರಗಳು ಸುತ್ತುವಾಗ ಸುದ್ದಿ, ಸಾಲ, ಮದುವೆ, ಜಗಳ ಎಲ್ಲವೂ ಕಾಲ ಮೇಲೆಯೇ ಸಂಚರಿಸುತ್ತವೆ. ಈಗ ಮೇಗರವಳ್ಳಿಯ ಮೂಲಕ ಆಗುಂಬೆಯ ಬಸ್ಸುಗಳು ಹೋಗುತ್ತವೆ. ಕುಪ್ಪಳಿಯ ಗುಡ್ಡದ ದಾರಿಯಲ್ಲಿ ಅರ್ಧ ದಿನ ನಡೆದವರಿಗೆ ಆ ದೊಡ್ಡ ಕಾದಂಬರಿಯ ನಿಧಾನ ಯಾಕೆ ಹಾಗಿದೆ ಎಂಬುದು ವಿಮರ್ಶೆ ಓದದೆಯೂ ತಿಳಿದೀತು.

ನದಿಯ ಆಸೆಯಿದ್ದವರಿಗೆ ತುಂಗೆ ದೂರವಿಲ್ಲ. ತೀರ್ಥಹಳ್ಳಿ ತಾಲ್ಲೂಕಿನದೇ ಆದ ಚಿಬ್ಬಲಗುಡ್ಡೆ, ಕುವೆಂಪು ಬರಹದಲ್ಲಿ ಸಿಬ್ಬಲುಗುಡ್ಡೆ, ಗಣಪತಿ ದೇವಸ್ಥಾನದ ಮುಂದಿನ ಮಡುವಿನಲ್ಲಿ ದೇವರ ಮೀನುಗಳಿರುವ ಜಾಗ. ಇಲ್ಲಿ ಮೀನು ಹಿಡಿಯುವಂತಿಲ್ಲ. ವಾಹನದಲ್ಲಿ ಹೋಗಿ ದಂಡೆಯಲ್ಲಿ ಅಡ್ಡಾಡಿ ಬರಬಹುದು. ಮೆಟ್ಟಿಲಿಂದಲೇ ಮೀನು ಕಾಣುವಾಗ ನೀರಿಗೆ ಇಳಿಯುವ ಸಾಹಸ ಬೇಡ. ತುಂಗೆಯ ಬಂಡೆಗಳು ಜಾರುತ್ತವೆ, ಮಡು ಎಲ್ಲಿ ಶುರುವಾಗುತ್ತದೆಂದು ಮೇಲಿನಿಂದ ತಿಳಿಯುವುದಿಲ್ಲ.

ಯಾವಾಗ ಬರಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಕುಪ್ಪಳಿಯಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕೊಡೆ ಬಿಟ್ಟು ಹೊರಡುವಂತಿಲ್ಲ. ಹಸಿರು ತುಂಬಿದ ಈ ತಿಂಗಳುಗಳು ಇಂಬಳದ್ದೂ ಹೌದು. ದರಗೆಲೆಯ ತುದಿಯಲ್ಲಿ ದಾರದ ತುಂಡಿನ ಹಾಗೆ ಎದ್ದು ನಿಂತು ತೂಗಾಡುವ ಈ ಜೀವಿ ಕಾಲಿಗೆ ಹತ್ತಿದ್ದು ಗೊತ್ತಾಗುವುದಿಲ್ಲ, ರಕ್ತ ಹರಿದಾಗಲೇ ಗೊತ್ತಾಗುವುದು. ಸುಣ್ಣ-ಹೊಗೆಸೊಪ್ಪು ಅಥವಾ ಉಪ್ಪು ತಾಗಿಸಿದರೆ ಬಿಟ್ಟುಬಿಡುತ್ತದೆ. ಕಚ್ಚಿದ ಜಾಗ ಒಂದೆರಡು ದಿನ ತುರಿಸುತ್ತದೆ. ಇಂಬಳದಿಂದ ಅದಕ್ಕಿಂತ ಹೆಚ್ಚಿನ ಕೇಡು ಸಾಮಾನ್ಯವಾಗಿ ಇಲ್ಲ.

ಹೆದರಬೇಕಾದ್ದು ಒಣಗಾಲದ ಉಣುಗಿಗೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಮನುಷ್ಯರಿಗೆ ಬರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನಲ್ಲೂ ಇದು ಕಾಣಿಸಿಕೊಂಡಿದೆ. ನವೆಂಬರ್‌ನಿಂದ ಮೇ ತಿಂಗಳವರೆಗೆ, ಅಂದರೆ ಪ್ರವಾಸಿಗರಿಗೆ ಅತಿ ಹಿತವೆನಿಸುವ ದಿನಗಳಲ್ಲೇ, ಇದರ ಕಾಟ. ಹಾಗೆಂದು ನಡಿಗೆ ಬಿಡಬೇಕಾಗಿಲ್ಲ. ಆರೋಗ್ಯ ಇಲಾಖೆ ಹಳ್ಳಿಗರಿಗೆ ಹಂಚುವ ಡೆಪಾ ಎಣ್ಣೆಯಂಥದ್ದನ್ನು ಕೈಕಾಲಿಗೆ ಸವರಿಕೊಳ್ಳಬೇಕು. ಪೂರ್ಣ ಮೈ ಮುಚ್ಚುವ ಬಟ್ಟೆ ಹಾಕಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ತುರುಕಿಕೊಳ್ಳಬೇಕು. ದರಗಿನ ಮೇಲೆ ಕೂರಬಾರದು. ವಾಪಸು ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಬೇಕು. ಕಾಡಿನಲ್ಲಿ ಮಂಗ ಸತ್ತಿರುವುದು ಕಂಡರೆ ಹತ್ತಿರ ಹೋಗದೆ, ಬಂದ ದಾರಿಯಲ್ಲೇ ತಿರುಗಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಮಲೆನಾಡಿನಲ್ಲಿ ನಡೆದದ್ದನ್ನು ವೈದ್ಯರಿಗೆ ಹೇಳುವುದನ್ನು ಮರೆಯಬಾರದು.

ದಾರಿ ಕೇಳುವಾಗಲೂ ಸ್ವಲ್ಪ ಎಚ್ಚರ ಬೇಕು. 'ಇಲ್ಲೇ ಹತ್ರ, ಒಂದ್ ಕೂಗಳತೆ' ಎಂದು ಹೇಳಿದ ಜಾಗ ಮಲೆನಾಡಿನವರ ಕಾಲಿಗೆ ಹತ್ತಿರ, ಪೇಟೆಯವರ ಕಾಲಿಗೆ ಎರಡು ಗುಡ್ಡದಾಚೆ. ಸಂಜೆ ಐದರ ನಂತರ ಕಾನಿನ ದಾರಿ ಹಿಡಿಯದಿರುವುದು ಲೇಸು. ಕತ್ತಲು ಬೇಗ ಕವಿಯುತ್ತದೆ, ಮೊಬೈಲಿಗೆ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ.

ಈ ದಾರಿಗಳೆಲ್ಲ ಹೀಗೇ ಇರುತ್ತವೆಯೇ? ಮನೆಮನೆಗೂ ಬೈಕು, ಕಾರು ಬಂದ ಮೇಲೆ ಗುಡ್ಡದ ಒಳದಾರಿ ತುಳಿಯುವವರು ಕಡಿಮೆಯಾದರು. ತುಳಿಯದ ದಾರಿಯನ್ನು ಎರಡು ಮಳೆಗಾಲದಲ್ಲಿ ಹಳು ನುಂಗುತ್ತದೆ. ಜಮೀನು ಕೊಂಡ ಹೊಸಬರು ತಂತಿಬೇಲಿ ಹಾಕಿದರೆ ಉಣುಗೋಲಿಗೆ ಜಾಗವೇ ಉಳಿಯುವುದಿಲ್ಲ. ಇಂಥ ತಕರಾರು ತಹಸೀಲ್ದಾರರ ಮುಂದೆ ಬಂದಾಗ ಮೊದಲು ಕೇಳುವ ಪ್ರಶ್ನೆ, ಅದು 'ನಕಾಶೆ ಕಂಡ ದಾರಿ' ಹೌದೋ ಅಲ್ಲವೋ ಎಂಬುದು. ಭೂಮಾಪನ ಇಲಾಖೆಯ ಗ್ರಾಮನಕ್ಷೆಯಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ಚುಕ್ಕಿಗೆರೆಗಳಲ್ಲಿ ಗುರುತಿಸಿರುತ್ತಾರೆ. ಹಾಗೆ ಗುರುತಾದ ದಾರಿಯನ್ನು ಯಾರೂ ಮುಚ್ಚುವಂತಿಲ್ಲ, ಮುಚ್ಚಿದರೆ ತೆರವು ಮಾಡಿಸಬಹುದು. ನಕ್ಷೆಯಲ್ಲಿ ಇಲ್ಲದೆ ಬರೀ ರೂಢಿಯಿಂದ ಬಂದ ದಾರಿಗೆ ಅಷ್ಟು ಸುಲಭದ ಬಲವಿಲ್ಲ.

ನಡೆಯಲು ಹೊರಡುವವರಿಗೂ ಈ ಗ್ರಾಮನಕ್ಷೆ ಉಪಯೋಗಕ್ಕೆ ಬರುತ್ತದೆ. ಇಲಾಖೆಯ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದರೆ ಇಳಿಸಿಕೊಳ್ಳಲು ಸಿಗುತ್ತದೆ. ಮೊಬೈಲಿನ ನಕ್ಷೆ ಟಾರು ರಸ್ತೆಯನ್ನಷ್ಟೇ ತೋರಿಸಿ ಉಳಿದದ್ದನ್ನೆಲ್ಲ ಹಸಿರು ಬಳಿದು ಬಿಟ್ಟಿರುವ ಕಡೆ, ಈ ಹಾಳೆಯಲ್ಲಿ ಹಳ್ಳ, ಕೆರೆ, ಸರ್ವೆ ನಂಬರುಗಳ ನಡುವೆ ಚುಕ್ಕಿಗೆರೆಗಳು ಹರಿದಾಡುತ್ತವೆ. ಅವುಗಳಲ್ಲಿ ಈ ವರ್ಷ ಯಾವುದರ ಸಂಕ ಗಟ್ಟಿಯಿದೆ, ಯಾವುದರಲ್ಲಿ ಹಳು ಬೆಳೆದಿದೆ ಎಂಬುದನ್ನು ಮಾತ್ರ ಅಲ್ಲಿನ ಮನೆಯವರನ್ನೇ ಕೇಳಿ ಹೊರಡಬೇಕು.